ಹೆಸರಿಲ್ಲದ ಅರಸು: ಬೈಬಲ್ಲಿನ ರಾಜಕೀರ್ತನೆಗಳನ್ನು ಕುರಿತು

ಬೈಬಲ್ಲಿನ 45ನೆಯ ಕೀರ್ತನೆ ಒಂದು ಅರಮನೆಯ ಮದುವೆಯ ಹಾಡು. ಅದರ ಕಡೆಯ ವಚನದಲ್ಲಿ ಕವಿ ತನ್ನ ಅರಸನಿಗೆ ಭಾಷೆ ಕೊಡುತ್ತಾನೆ. ಅವನ ಹೆಸರು ತಲೆಮಾರು ತಲೆಮಾರಿಗೂ ಜನರ ನೆನಪಿನಲ್ಲಿ ನಿಲ್ಲುವಂತೆ ತಾನು ಮಾಡುವುದಾಗಿ ಹೇಳಿ ಹಾಡನ್ನು ಮುಗಿಸುತ್ತಾನೆ. ಆಸ್ಥಾನಕವಿಗಳು ಎಲ್ಲ ದೇಶಗಳಲ್ಲಿಯೂ ಆಡುತ್ತ ಬಂದ ಮಾತು ಇದು. ಆದರೆ ಹದಿನೇಳು ವಚನಗಳ ಆ ಹಾಡನ್ನು ಎಷ್ಟು ಸಲ ತಿರುವಿ ಹಾಕಿದರೂ ಅರಸನ ಹೆಸರು ಮಾತ್ರ ಎಲ್ಲಿಯೂ ದೊರೆಯುವುದಿಲ್ಲ. ಅವನ ಚೆಲುವು ಇದೆ, ಕತ್ತಿ ಇದೆ, ಸಿಂಹಾಸನ ಇದೆ, ಉಡುಪಿನ ಪರಿಮಳ ಇದೆ, ಬಲಗಡೆಯಲ್ಲಿ ಓಫೀರಿನ ಚಿನ್ನ ತೊಟ್ಟು ನಿಂತ ರಾಣಿ ಇದ್ದಾಳೆ; ಹೆಸರಿಲ್ಲ. ಸಭೆಯಲ್ಲಿ ಎದುರಿಗೇ ಕುಳಿತವನ ಹೆಸರನ್ನು ಹೇಳಬೇಕಾದ ಅಗತ್ಯ ಅಂದು ಇರಲಿಲ್ಲ ಎಂಬುದು ಇದಕ್ಕೆ ಸರಳವಾದ ಕಾರಣ. ಆದರೆ ಹೀಗೆ ತೆರವಾಗಿ ಉಳಿದ ಜಾಗದಲ್ಲಿ ಕ್ರೈಸ್ತರು ಬೇರೊಂದು ಹೆಸರನ್ನು ಓದಿಕೊಂಡರು. ಆ ಓದು ಕಾವ್ಯಕ್ಕೆ ಮಾಡಿದ ಅನ್ಯಾಯವೇ, ಅಥವಾ ಕಾವ್ಯವೇ ಅದಕ್ಕೆ ಎಡೆಮಾಡಿಕೊಟ್ಟಿತೇ ಎಂಬ ಪ್ರಶ್ನೆ ಸಾಹಿತ್ಯದ ಪ್ರಶ್ನೆಯೂ ಹೌದು. ದೈವಜ್ಞಾನಿಗಳಿಗೆ ಮಾತ್ರ ಬಿಟ್ಟುಕೊಡಬೇಕಾದುದಲ್ಲ.

ಆ ಅರಸು ಯಾರಿರಬಹುದು ಎಂದು ಪಂಡಿತರು ಊಹಿಸದೆ ಬಿಟ್ಟಿಲ್ಲ. ಐಗುಪ್ತದ ಫರೋಹನ ಮಗಳನ್ನು ಮದುವೆಯಾದ ಸೊಲೊಮೋನನೆಂದು ಕೆಲವರು ಹೇಳಿದರು. ಹಾಡಿನಲ್ಲಿ ತೂರ್ ಪಟ್ಟಣದ ಮಾತೂ ದಂತದ ಅರಮನೆಗಳ ಮಾತೂ ಬರುವುದರಿಂದ, ಉತ್ತರ ರಾಜ್ಯದ ಅಹಾಬನೇ ಇರಬೇಕೆಂದು ಬೇರೆ ಕೆಲವರು ವಾದಿಸಿದರು. ಅಹಾಬನು ದಂತದ ಮನೆ ಕಟ್ಟಿಸಿದನೆಂದು ಅರಸುಗಳ ಚರಿತ್ರೆಯಲ್ಲಿಯೇ ಹೇಳಿದೆ. 1931ರಿಂದ 1935ರವರೆಗೆ ಸಮಾರ್ಯದಲ್ಲಿ ನಡೆದ ಉತ್ಖನನದಲ್ಲಿ ಕೆತ್ತನೆಯ ದಂತದ ತುಣುಕುಗಳು ಹೇರಳವಾಗಿ ಸಿಕ್ಕಿವೆ. ಅಹಾಬನೆಂದು ಒಪ್ಪಿದರೆ ಮದುವಣಗಿತ್ತಿ ಈಜೆಬೆಲಳೇ ಆಗಬೇಕು. ಪ್ರವಾದಿಗಳನ್ನು ಕೊಲ್ಲಿಸಿದವಳೆಂದು ಬೈಬಲ್ಲಿನ ಚರಿತ್ರಕಾರರು ಶಪಿಸಿದ ಅದೇ ಈಜೆಬೆಲ್. ಶತಮಾನಗಳ ಕಾಲ ಕ್ರೈಸ್ತಸಭೆಯ ಪ್ರತೀಕವೆನಿಸಿದ ವಧು ಅವಳಾಗಿದ್ದರೆ! ಊಹೆ ರುಚಿಯಾಗಿದೆ, ಆಧಾರ ಸಾಲದು. ತೂರಿನ ಮಗಳು ಎಂಬ ನುಡಿ ಹೀಬ್ರೂ ವಾಡಿಕೆಯಲ್ಲಿ ಆ ಊರಿನ ಜನರನ್ನೆಲ್ಲ ಸೂಚಿಸಬಲ್ಲದು. ಅವರು ಕಾಣಿಕೆ ತರುತ್ತಾರೆ ಎಂದಷ್ಟೇ ಅಲ್ಲಿನ ಅರ್ಥವಾಗಬಹುದು.

ಹೆಸರು ತಿಳಿಯದಿದ್ದರೂ ಹಾಡು ಯಾವ ವರ್ಗಕ್ಕೆ ಸೇರಿದ್ದು ಎಂಬುದು ಈಗ ಸ್ಪಷ್ಟವಾಗಿದೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೆರ್ಮಾನ್ ಗುಂಕೆಲ್ ಎಂಬ ಜರ್ಮನ್ ವಿದ್ವಾಂಸರು ಕೀರ್ತನೆಗಳನ್ನು ಅವು ಹುಟ್ಟಿದ ಸಂದರ್ಭಗಳಿಗೆ ತಕ್ಕಂತೆ ವಿಂಗಡಿಸಿ, 2, 45, 72, 110 ಮೊದಲಾದ ಕೆಲವನ್ನು ರಾಜಕೀರ್ತನೆಗಳೆಂದು ಬೇರೆ ಮಾಡಿದರು. ಪಟ್ಟವಾದ ದಿನ, ಯುದ್ಧಕ್ಕೆ ಹೊರಡುವ ದಿನ, ಮದುವೆಯ ದಿನ ಯೆರೂಸಲೇಮಿನ ಅರಸನ ಮುಂದೆ ಹಾಡಿದ ಹಾಡುಗಳು ಇವು. ಇವುಗಳಲ್ಲಿ ವರ್ಣಿತನಾದವನು ರಕ್ತಮಾಂಸದ ಒಬ್ಬ ಮನುಷ್ಯ. ಈ ತಿಳಿವು ಬಂದಾಗ ಭಕ್ತರಲ್ಲಿ ಹಲವರು ನೊಂದರು. ನೋಯಬೇಕಾದ ಕಾರಣ ನನಗಂತೂ ಕಾಣದು. ಅರ್ಥವನ್ನು ಮೊದಲೇ ಕೈಯಲ್ಲಿ ಹಿಡಿದು ಬಂದವನಿಗೆ ಕವಿತೆ ಏನನ್ನೂ ಹೇಳುವುದಿಲ್ಲ. ಗುಂಕೆಲ್ಲರು ಆ ಹಾಡುಗಳನ್ನು ಮತ್ತೆ ಹಾಡುಗಳಾಗಿ ನಮಗೆ ಕೊಟ್ಟರು.

45ನೆಯ ಕೀರ್ತನೆಯ ಪರಿಮಳವನ್ನೇ ತೆಗೆದುಕೊಳ್ಳೋಣ. ಅರಸನ ಬಟ್ಟೆಯಲ್ಲಿ ರಕ್ತಬೋಳ, ಅಗರು, ಲವಂಗಚಕ್ಕೆಯ ಜಾತಿಯ ಒಂದು ತೊಗಟೆ, ಈ ಮೂರರ ವಾಸನೆ ಇದೆಯೆಂದು ಕವಿ ಹೇಳುತ್ತಾನೆ. ಎರಡನೆಯದಕ್ಕೆ ಹೀಬ್ರೂವಿನಲ್ಲಿರುವ ಹೆಸರು ಅಹಾಲೋತ್. ಇದರ ಮೂಲ ದ್ರಾವಿಡ ಭಾಷೆಗಳಲ್ಲಿ ಇದ್ದಿರಬೇಕೆಂದು ಕಾಲ್ಡ್‌ವೆಲ್ಲರು ತಮ್ಮ ವ್ಯಾಕರಣದಲ್ಲಿ ಸೂಚಿಸಿದರು. ತಮಿಳಿನ ಅಕಿಲ್, ನಮ್ಮ ಅಗಿಲು ಇವೇ ಆ ಪದದ ಬಂಧುಗಳು. ಸಮುದ್ರ ದಾಟಿ ಹೋದ ಸರಕು ತನ್ನ ಹೆಸರನ್ನೂ ಜೊತೆಗೆ ಕೊಂಡೊಯ್ದಿತು. ಇಂಥ ವಸ್ತು ಆ ಸಣ್ಣ ಬೆಟ್ಟದ ಪಟ್ಟಣಕ್ಕೆ ಎಷ್ಟು ಬೆಲೆಯದಾಗಿದ್ದಿರಬೇಕು! ಈ ಪರಿಮಳಕ್ಕೆ ಇನ್ನೊಂದು ಮುಖವೂ ಉಂಟು. ಜನರು ತಮಗೂ ಒಬ್ಬ ಅರಸು ಬೇಕೆಂದು ಹಟ ಹಿಡಿದಾಗ ಮುದುಕನಾದ ಸಮುವೇಲನು, ಬರುವ ಅರಸು ಏನೇನನ್ನು ಕಿತ್ತುಕೊಳ್ಳುವನೆಂದು ಎಣಿಸಿ ಹೇಳುತ್ತಾನೆ. ಗಂಡುಮಕ್ಕಳು ರಥಗಳ ಮುಂದೆ ಓಡಬೇಕು, ಹೊಲ ಹೋಗುತ್ತದೆ, ಬೆಳೆಯ ಹತ್ತನೆಯ ಪಾಲು ಹೋಗುತ್ತದೆ. ಹೆಣ್ಣುಮಕ್ಕಳು ಅಡಿಗೆಯವರಾಗಿ ಅರಮನೆಗೆ ಹೋಗಬೇಕು, ಸುಗಂಧದ್ರವ್ಯ ಕೂಡಿಸುವವರೂ ಆಗಬೇಕು. ಮದುವೆಯ ಹಾಡಿನಲ್ಲಿ ಹರಡಿದ ಪರಿಮಳವನ್ನು ಅರೆದು ತೆಗೆದ ಕೈಗಳು ಯಾರವೆಂದು ಬೈಬಲ್ ತಾನೇ ಮತ್ತೊಂದು ಪುಟದಲ್ಲಿ ಹೇಳಿಬಿಟ್ಟಿದೆ. ಧರ್ಮೋಪದೇಶಕಾಂಡವು ಅರಸನಿಗೆ ಬೇಡವೆನ್ನುವ ಹೆಚ್ಚು ಕುದುರೆ, ಹೆಚ್ಚು ಹೆಂಡಿರು, ಹೆಚ್ಚು ಚಿನ್ನ, ಇವುಗಳಲ್ಲಿ ಕಡೆಯ ಎರಡಾದರೂ 45ನೆಯ ಕೀರ್ತನೆಯ ಶೋಭೆಯೇ ಆಗಿವೆ. ಅರಸುತನದ ವಿಷಯದಲ್ಲಿ ಬೈಬಲ್ಲಿಗೆ ಒಂದೇ ಮನಸ್ಸಿಲ್ಲ. ಇದನ್ನು ನೆನಪಿಟ್ಟುಕೊಳ್ಳದೆ ರಾಜಪ್ರತಿಮೆಯ ಕ್ರೈಸ್ತ ವ್ಯಾಖ್ಯಾನವನ್ನು ಕುರಿತು ಮಾತನಾಡುವುದು ವ್ಯರ್ಥ.

ಆ ವ್ಯಾಖ್ಯಾನ ಬಹಳ ಹಳೆಯದು. ಇಬ್ರಿಯರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿಯೇ 45ನೆಯ ಕೀರ್ತನೆಯ ಸಿಂಹಾಸನದ ವಚನಗಳನ್ನು ದೇವರ ಮಗನಿಗೆ ಅನ್ವಯಿಸಿದೆ. ಯೆಹೂದ್ಯರ ಅರಮಾಯಿಕ್ ಭಾಷಾಂತರವಾದ ತಾರ್ಗುಮ್ ಕೂಡ ಈ ಅರಸನನ್ನು ಮೆಸ್ಸೀಯನೆಂದೇ ಕರೆಯುವುದರಿಂದ, ಹಾಡನ್ನು ಮುಂದೆ ಬರಲಿರುವವನ ಹಾಡಾಗಿ ಓದಿದವರು ಕ್ರೈಸ್ತರು ಮಾತ್ರವೇ ಅಲ್ಲ. ಸಭೆಯ ಪಿತೃಗಳು ಮುಂದುವರಿದು ವಧುವನ್ನು ಸಭೆಯೆಂದರು. ಅರಸನ ಚೂಪಾದ ಬಾಣಗಳನ್ನು ಹೃದಯಕ್ಕೆ ನಾಟುವ ದೇವರ ಮಾತುಗಳೆಂದು ಅಗಸ್ಟೀನನು ವಿವರಿಸಿದ. ಜೆರೋಮನು 384ರಲ್ಲಿ ಯುಸ್ಟೋಕಿಯಂ ಎಂಬ ಕನ್ಯೆಗೆ ಬರೆದ ಹೆಸರಾಂತ ಪತ್ರ ವಧುವಿಗೆ ಹೇಳಿದ ಬುದ್ಧಿಮಾತಿನಿಂದಲೇ ಪ್ರಾರಂಭವಾಗುತ್ತದೆ. ಇಂಗ್ಲೆಂಡಿನ ಸಭೆಯ 1662ರ ಪ್ರಾರ್ಥನಾ ಪುಸ್ತಕ ಈ ಕೀರ್ತನೆಯನ್ನು ಕ್ರಿಸ್‌ಮಸ್ ಬೆಳಗಿನ ಆರಾಧನೆಗೆ ಗೊತ್ತುಮಾಡಿತು. ಹಸುಗೂಸಿನ ಹಬ್ಬದ ದಿನ ಕತ್ತಿ ಬಾಣಗಳ ಹಾಡೇಕೆ ಎಂದು ಕೇಳುವವರಿಗೆ ಸಿ. ಎಸ್. ಲೂಯಿಸರು ಕೀರ್ತನೆಗಳನ್ನು ಕುರಿತ ತಮ್ಮ 1958ರ ಪುಸ್ತಕದಲ್ಲಿ ಉತ್ತರ ಹೇಳಿದ್ದಾರೆ: ಆ ಹಬ್ಬದಂದು ಬಂದವನು ವೀರನೂ ಅರಸನೂ ಮದುಮಗನೂ ಆಗಿದ್ದನೆಂಬುದನ್ನು ನಾವು ಮರೆತಿರುವುದರಿಂದ ಆ ಹಾಡು ಬೇಕು.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆ ತುಸು ಸಹಾಯಕ್ಕೆ ಬರಬಹುದು. ಈ ಎರಡನೆಯ ಅರ್ಥ ಯಾವ ಬಗೆಯದು? ಶ್ಲೇಷವೆನ್ನಲು ಬಾರದು. ಪಂಪನು 941ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಬೆರೆಸಿದಾಗ ಇಬ್ಬರೂ ಕವಿಯ ಕಣ್ಣ ಮುಂದೆ ಇದ್ದರು, ಬೆರಕೆ ಅವನದೇ. ಇಲ್ಲಿ ಕವಿ ಒಬ್ಬನನ್ನೇ ಹಾಡಿದ. ಇನ್ನೊಬ್ಬನನ್ನು ಓದುಗರು ಕರೆತಂದರು. ಪಿತೃಗಳಲ್ಲಿ ಹಲವರ ವ್ಯಾಖ್ಯಾನ ಅನ್ಯೋಕ್ತಿಯ ದಾರಿ ಹಿಡಿಯುತ್ತದೆ. ಅನ್ಯೋಕ್ತಿಯಲ್ಲಿ ಮೇಲಣ ಅರ್ಥ ಕೇವಲ ಹೊದಿಕೆ. ದುಂಬಿಗೆ ಹೇಳಿದ್ದು ದುಂಬಿಗಲ್ಲ. ಹಾಗೆ ಓದಿದಾಗ ಯೆರೂಸಲೇಮಿನ ಅರಸನು ಸಂಪೂರ್ಣವಾಗಿ ಅಳಿಸಿಹೋಗುತ್ತಾನೆ. ಬಾಣವು ಮಾತಾಗಿಬಿಟ್ಟರೆ ಅದು ಯಾರನ್ನೂ ಕೊಲ್ಲುವುದಿಲ್ಲ, ನಿಜ. ಆದರೆ ಹಾಡಿನಲ್ಲಿ ಜನ ಬೀಳುತ್ತಾರೆ. ಅಷ್ಟು ಸುಲಭವಾಗಿ ರಕ್ತವನ್ನು ತೊಳೆದುಬಿಡುವ ವ್ಯಾಖ್ಯಾನವನ್ನು ಒಪ್ಪಲು ನನಗೆ ಮನಸ್ಸು ಬಾರದು. ಉಳಿದ ದಾರಿ ಧ್ವನಿಯದು. ಆನಂದವರ್ಧನನು ಹೇಳುವ ವಿವಕ್ಷಿತಾನ್ಯಪರವಾಚ್ಯದಲ್ಲಿ ವಾಚ್ಯಾರ್ಥ ಸುಳ್ಳಾಗುವುದಿಲ್ಲ, ಬಿದ್ದುಹೋಗುವುದೂ ಇಲ್ಲ. ತಾನು ನಿಂತುಕೊಂಡೇ ತನ್ನಾಚೆಗೆ ಕೈ ತೋರುತ್ತದೆ. ಗಂಟೆ ಬಾರಿಸಿದ ಮೇಲೆ ಅನುರಣನ ಬರುತ್ತದೆ. ಗಂಟೆಯನ್ನೇ ತೆಗೆದುಬಿಟ್ಟು ಅನುರಣನವನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲ.

ಸಾವಿರ ವರ್ಷಗಳ ಮೇಲೆ ಕೇಳಿಬಂದ ಅರ್ಥವನ್ನು ಧ್ವನಿಯೆನ್ನಬಹುದೇ ಎಂದು ವಿದ್ವಾಂಸರು ಆಕ್ಷೇಪಿಸುವುದು ನ್ಯಾಯವಾಗಿಯೇ ಇದೆ. ಹಾಡಿನಲ್ಲಿಯೇ ಅದಕ್ಕೆ ಹಿಡಿತ ಇಲ್ಲದಿದ್ದರೆ ಆಕ್ಷೇಪ ನಿಲ್ಲುತ್ತದೆ. ಹಿಡಿತ ಇದೆಯೆಂದು ನನ್ನ ಭಾವನೆ. ಆರನೆಯ ವಚನದಲ್ಲಿ ಅರಸನ ಸಿಂಹಾಸನವನ್ನು ಕುರಿತು ಹೇಳುವಾಗ ಎಲೋಹೀಮ್, ಅಂದರೆ ದೇವರು ಎಂಬ ಪದ ನಡುವೆ ಬಂದು ಕುಳಿತಿದೆ. ಅದು ಸಂಬೋಧನೆಯೇ? ಹಾಗಾದರೆ ಕವಿ ಮನುಷ್ಯನಾದ ಅರಸನನ್ನು ದೇವರೆಂದು ಕರೆದಂತಾಯಿತು. ಐಗುಪ್ತದಲ್ಲಿ ಇದು ಸಹಜವಾದೀತು, ಇಸ್ರಾಯೇಲಿನಲ್ಲಿ ಎದೆ ಝಲ್ಲೆನ್ನಿಸುವ ಮಾತು. ಸಂಬೋಧನೆಯಲ್ಲವಾದರೆ, ಆ ಸಿಂಹಾಸನ ದೇವರದೆಂದೋ ದೈವಿಕವೆಂದೋ ಅರ್ಥ. 1952ರ ಇಂಗ್ಲಿಷ್ ಪರಿಷ್ಕೃತ ಭಾಷಾಂತರ ಎರಡನೆಯ ದಾರಿ ಹಿಡಿಯಿತು. ಅದರ ಉತ್ತರಾಧಿಕಾರಿಯಾದ 1989ರ ಭಾಷಾಂತರ ಮತ್ತೆ ಸಂಬೋಧನೆಗೆ ಮರಳಿತು. ಮರು ವಚನದಲ್ಲಿಯೇ ಕವಿ ಅರಸನಿಗೆ ಅವನ ಮೇಲೂ ಒಬ್ಬ ದೇವರಿದ್ದಾನೆಂದು ನೆನಪು ಮಾಡುತ್ತಾನೆ. ಹೊಗಳಿಕೆ ಒಂದು ಗಳಿಗೆ ಗಡಿ ದಾಟಿತು, ದಾಟಿದ್ದನ್ನು ಕಂಡು ಹಿಂದೆಗೆಯಿತು. ಮಾತು ಮನುಷ್ಯನಿಗಿಂತ ದೊಡ್ಡದಾಗಿ ಬೆಳೆದುಬಿಟ್ಟಿದೆ. ದಿಬ್ಬಣದ ಮೇಲೆ ಕುಳಿತ ಮದುಮಗನಿಗೆ ಅದು ಸಡಿಲವಾದ ಅಂಗಿ. ಅವನು ಸತ್ತ ಮೇಲೆ ಮಗನಿಗೆ ತೊಡಿಸಿದರು, ಮೊಮ್ಮಗನಿಗೂ ತೊಡಿಸಿದರು. ಯಾರಿಗೂ ಅಳತೆ ಕೂಡಿಬರಲಿಲ್ಲ.

72ನೆಯ ಕೀರ್ತನೆಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿನ ಅರಸನ ಆಳ್ವಿಕೆ ಸಮುದ್ರದಿಂದ ಸಮುದ್ರಕ್ಕೆ ಹರಡುತ್ತದೆ. ತಾರ್ಷೀಷಿನ, ಶೆಬದ ದೊರೆಗಳು ಕಪ್ಪ ತಂದು ಅಡ್ಡಬೀಳುತ್ತಾರೆ. ಇಷ್ಟು ಎಲ್ಲ ಸಾಮ್ರಾಟರ ಬಿರುದಾವಳಿಯಲ್ಲಿಯೂ ಸಿಗುವುದೇ. ಆದರೆ ಅಡ್ಡಬೀಳುವ ಮಾತಿನ ಹಿಂದೆಯೇ ಹೀಬ್ರೂವಿನಲ್ಲಿ ಕೀ ಎಂಬ ಪುಟ್ಟ ಅವ್ಯಯ ಬರುತ್ತದೆ: ಏಕೆಂದರೆ. ಏಕೆ ಅವರು ಬಾಗುತ್ತಾರೆ? ಈ ಅರಸು ಮೊರೆಯಿಡುವ ಬಡವನನ್ನು, ಸಹಾಯಕರಿಲ್ಲದವನನ್ನು ಬಿಡಿಸುತ್ತಾನೆ. ಅಂಥವರ ರಕ್ತ ಅವನ ಕಣ್ಣಿಗೆ ಬೆಲೆಯುಳ್ಳದ್ದು. ಸೇನೆಯ ಬಲ ಇಲ್ಲಿ ಕಾರಣವಾಗಿ ಬಂದಿಲ್ಲ. ಪ್ರಪಂಚದ ದೊರೆಗಳೆಲ್ಲ ಒಂದು ಬಡವನ ಜೀವಕ್ಕೆ ಸಿಕ್ಕ ಬೆಲೆಯನ್ನು ಕಂಡು ತಲೆಬಾಗುತ್ತಾರೆಂದರೆ, ಆ ಏಕೆಂದರೆಯ ಭಾರವನ್ನು ಹೊರಬಲ್ಲ ದೊರೆ ದಾವೀದನ ವಂಶದಲ್ಲಿ ಯಾರಿದ್ದರು? ಹಾಡಿಗೆ ಸೊಲೊಮೋನನ ಹೆಸರು ಅಂಟಿದೆ. ಬಿಟ್ಟಿ ದುಡಿಮೆಯಿಂದ ಜನರ ಬೆನ್ನು ಮುರಿದವನೆಂದು, ಅದರಿಂದಲೇ ಮಗನ ಕಾಲಕ್ಕೆ ರಾಜ್ಯ ಒಡೆಯಿತೆಂದು ಅದೇ ಬೈಬಲ್ ಹೇಳುತ್ತದೆ.

ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು, ಅರಸೊತ್ತಿಗೆ ಮುಗಿಯಿತು. 89ನೆಯ ಕೀರ್ತನೆ ದಾವೀದನಿಗೆ ದೇವರಿತ್ತ ವಾಗ್ದಾನವನ್ನು ದೀರ್ಘವಾಗಿ ಕೊಂಡಾಡಿ, ಇದ್ದಕ್ಕಿದ್ದಂತೆ ದನಿ ಬದಲಿಸಿ, ಕಿರೀಟವನ್ನು ಮಣ್ಣಿಗೆ ಎಸೆದವನು ನೀನೇ ಎಂದು ದೇವರನ್ನೇ ಕಟಕಟೆಗೆ ತರುತ್ತದೆ. ಅರಸನೇ ಇಲ್ಲದ ಆ ಶತಮಾನಗಳಲ್ಲಿ ಪಟ್ಟದ ಹಾಡುಗಳನ್ನೂ ಮದುವೆಯ ಹಾಡನ್ನೂ ಕೀರ್ತನಾಸಂಗ್ರಹದಲ್ಲಿ ಯಾಕೆ ಉಳಿಸಿಕೊಂಡರು? ಗೆರಾಲ್ಡ್ ವಿಲ್ಸನ್ ಎಂಬ ವಿದ್ವಾಂಸರು 1985ರಲ್ಲಿ ತೋರಿಸಿಕೊಟ್ಟಂತೆ, 2, 72, 89 ಈ ರಾಜಕೀರ್ತನೆಗಳು ಸಂಗ್ರಹದ ಭಾಗಗಳು ಕೂಡುವ ಸಂಧಿಗಳಲ್ಲಿ ನಿಂತಿವೆ. ಜೋಡಿಸಿದವರು ತಿಳಿದೇ ಜೋಡಿಸಿದರು. ಖಾಲಿ ಸಿಂಹಾಸನದ ಮುಂದೆ ಈ ಹಾಡುಗಳನ್ನು ಹಾಡಿದವರಿಗೆ ಅವು ಆಗಲೇ ಬೇರೆ ಅರ್ಥ ಕೊಡತೊಡಗಿದ್ದವು. ಅನುರಣನ ಕ್ರೈಸ್ತರಿಂದ ಮೊದಲಾಗಲಿಲ್ಲ. ಅವರು ಅದನ್ನು ಕೇಳಿದವರಲ್ಲಿ ಒಬ್ಬರು.

ಕೇಳಿ ಅವರು ಮಾಡಿದ್ದೇನು ಎಂಬುದೇ ಮುಖ್ಯವಾದ ಮಾತು. ಹಳೆಯ ಒಡಂಬಡಿಕೆಯಿಂದ ಹೊಸ ಒಡಂಬಡಿಕೆಯ ಲೇಖಕರು ಮತ್ತೆ ಮತ್ತೆ ಎತ್ತಿಕೊಂಡ ಕೀರ್ತನೆ 110ನೆಯದು. ಅದರ ಮೊದಲ ವಚನ ದೇವರ ಬಲಗಡೆಯ ಆಸನವನ್ನು ಹೇಳುತ್ತದೆ, ನಾಲ್ಕನೆಯದು ಶಾಶ್ವತ ಯಾಜಕತ್ವವನ್ನು. ಇವೆರಡನ್ನೇ ಅವರು ಉದ್ಧರಿಸಿದರು. ಹೆಣಗಳ ರಾಶಿಯನ್ನೂ ಒಡೆದ ತಲೆಗಳನ್ನೂ ಹೇಳುವ ಮುಂದಿನ ವಚನಗಳನ್ನು ಅವರು ಉದ್ಧರಿಸಲೇ ಇಲ್ಲ. ಎಲ್ಲೆಡೆಯೂ ಹೀಗೆಯೇ ಆಯಿತೆಂದಲ್ಲ. 2ನೆಯ ಕೀರ್ತನೆಯ ಕಬ್ಬಿಣದ ಕೋಲು ಪ್ರಕಟನೆಯ ಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಆದರೆ ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಯೆಹೂದ ಕುಲದ ಸಿಂಹ ಗೆದ್ದಿತೆಂದು ಕೇಳಿ ಯೋಹಾನನು ತಿರುಗಿ ನೋಡಿದಾಗ ಅವನಿಗೆ ಕಂಡದ್ದು ಕೊಯ್ದ ಗುರುತುಳ್ಳ ಕುರಿಮರಿ. ಕಿವಿಗೆ ಸಿಂಹ, ಕಣ್ಣಿಗೆ ಕುರಿಮರಿ. ರಾಜಪ್ರತಿಮೆಗೆ ಕ್ರೈಸ್ತಕಾವ್ಯ ಮಾಡಿದ್ದೆಲ್ಲ ಈ ಒಂದು ಚಿತ್ರದಲ್ಲಿದೆ ಎನ್ನಬಹುದು. ಸುವಾರ್ತೆಗಳಲ್ಲಿ ಯೇಸುವಿನ ಪಟ್ಟಾಭಿಷೇಕ ನಡೆಯುವುದು ಸಿಪಾಯಿಗಳ ಗೇಲಿಯಲ್ಲಿ: ಮುಳ್ಳಿನ ಕಿರೀಟ, ಕೆಂಪು ನಿಲುವಂಗಿ, ಬಲಗೈಗೆ ಕೊಟ್ಟ ಜೊಂಡಿನ ಕೋಲು. ಯೆಹೂದ್ಯರ ಅರಸನೆಂಬ ಬಿರುದನ್ನು ಪಿಲಾತನು ಮೂರು ಭಾಷೆಗಳಲ್ಲಿ ಬರೆಯಿಸಿದ. ಆ ಮೊದಲು ಯಾಕೋಬ ಯೋಹಾನರು ಬಂದು, ನಿನ್ನ ಮಹಿಮೆಯಲ್ಲಿ ನಮಗೆ ಎಡಬಲದ ಆಸನ ಬೇಕೆಂದು ಕೇಳಿದ್ದರು. ಮಾರ್ಕನ ಸುವಾರ್ತೆಯಲ್ಲಿ ಕಡೆಗೆ ಅವನ ಎಡಬಲದಲ್ಲಿ ಇರುವವರು ಶಿಲುಬೆಗೆ ಹಾಕಿದ ಇಬ್ಬರು ಕಳ್ಳರು. ಮದುವೆಯ ಹಾಡಿನಲ್ಲಿ ರಾಣಿ ನಿಂತ ಜಾಗ ಅದು.

ಈ ತಿರುವನ್ನು ಮರೆತರೆ ಪ್ರತಿಮೆ ಮತ್ತೆ ಅರಮನೆಗೆ ಓಡುತ್ತದೆ. ಓಡಿದ್ದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಬೇಕಾದಷ್ಟಿದೆ. 336ರಲ್ಲಿ ಬಿಷಪ್ ಯುಸೇಬಿಯಸನು ಕಾನ್‌ಸ್ಟಂಟೈನ್ ಚಕ್ರವರ್ತಿಯ ಮುಂದೆ ನಿಂತು ಅವನ ಆಳ್ವಿಕೆ ಸ್ವರ್ಗದ ಆಳ್ವಿಕೆಯ ಪ್ರತಿಬಿಂಬವೆಂದು ಭಾಷಣ ಮಾಡಿದ. ಅರಸರಿಂದ ಕ್ರಿಸ್ತನಿಗೆ ಹೋದ ಬಿರುದುಗಳು ಮುನ್ನೂರು ವರ್ಷಗಳಲ್ಲಿ ಬಡ್ಡಿಸಹಿತ ಅರಸರಿಗೆ ಹಿಂತಿರುಗಿದವು. 45ನೆಯ ಕೀರ್ತನೆಯ ನುಡಿಗಳಿಗೆ ಪರ್ಸೆಲ್ 1685ರಲ್ಲಿ ಎರಡನೆಯ ಜೇಮ್ಸನ ಪಟ್ಟಾಭಿಷೇಕಕ್ಕಾಗಿಯೂ, ಹ್ಯಾಂಡಲ್ 1727ರಲ್ಲಿ ಎರಡನೆಯ ಜಾರ್ಜನ ರಾಣಿಗೆ ಕಿರೀಟವಿಡುವ ಹೊತ್ತಿಗಾಗಿಯೂ ಸಂಗೀತ ಕೂಡಿಸಿದರು. ಸಂಗೀತ ಸೊಗಸಾಗಿದೆ, ದೂರುವಂತಿಲ್ಲ. ಐಸಾಕ್ ವಾಟ್ಸ್ 1719ರ ತನ್ನ ಕೀರ್ತನಾಸಂಗ್ರಹದಲ್ಲಿ 72ನೆಯದನ್ನು ಯೇಸುವಿನ ಆಳ್ವಿಕೆಯ ಹಾಡಾಗಿ ತಿರುಗಿಸಿದ. ಅದೇ ಪುಸ್ತಕದಲ್ಲಿ ಇಸ್ರಾಯೇಲ್ ಎಂದು ಇರಬೇಕಾದ ಕೆಲವು ಕಡೆ ಬ್ರಿಟನ್ ಬಂದು ಕುಳಿತಿತು. ಸಮುದ್ರದಿಂದ ಸಮುದ್ರಕ್ಕೆ ಎಂಬುದು ಆಗ ಯಾರ ಹಡಗುಗಳ ಮಾತಾಯಿತು ಎಂಬುದನ್ನು ಭಾರತೀಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವಧುವಿನ ವಿಷಯವನ್ನು ಬಿಟ್ಟರೆ ಈ ಹಾಡಿಗೆ ನ್ಯಾಯ ಸಲ್ಲದು. ತನ್ನ ಜನರನ್ನೂ ತಂದೆಯ ಮನೆಯನ್ನೂ ಮರೆತುಬಿಡಬೇಕೆಂದು ಕವಿ ಆಕೆಗೆ ಹೇಳುತ್ತಾನೆ. ಅಬ್ರಹಾಮನು ತಂದೆಯ ಮನೆಯನ್ನು ತೊರೆದು ಹೊರಟಂತೆ ಆತ್ಮವೂ ಲೋಕವನ್ನು ತೊರೆಯಬೇಕೆಂದು ವ್ಯಾಖ್ಯಾನಕಾರರು ಇದನ್ನು ಎತ್ತರಕ್ಕೆ ಒಯ್ದರು. ಜೆರೋಮನ ಕೈಯಲ್ಲಿ ಅದು ಸನ್ಯಾಸದ ಕರೆಯಾಯಿತು. ಎತ್ತರ ನಿಜವೇ. ಆದರೂ ತವರಿನಿಂದ ಹೆಣ್ಣು ಕಳಿಸಿಕೊಟ್ಟು ಗೊತ್ತಿರುವ ನಮ್ಮ ಜನಕ್ಕೆ ಮೊದಲು ಕೇಳಿಸುವುದು ಪರದೇಶದ ಅರಮನೆಯ ಬಾಗಿಲಲ್ಲಿ ನಿಂತ ಒಬ್ಬ ಹುಡುಗಿಯ ಮೌನ. ಹಾಡಿನಲ್ಲಿ ಆಕೆ ಒಂದು ಮಾತನ್ನೂ ಆಡುವುದಿಲ್ಲ. ಹದಿನಾರನೆಯ ವಚನದಲ್ಲಿ ತಂದೆತಾತಂದಿರ ಬದಲಿಗೆ ಮಕ್ಕಳು ಬರುವರೆಂಬ ಹಾರೈಕೆ ಇದೆ. ಅದು ಆಕೆಗೆ ಸಮಾಧಾನವಾಗಿ ಹೇಳಿದ್ದೆಂದು ಭಾಷಾಂತರದಲ್ಲಿ ಓದುವವರಿಗೆ ತೋರಬಹುದು. ಹೀಬ್ರೂವಿನಲ್ಲಿ ಆ ಮಾತು ಪುಲ್ಲಿಂಗದಲ್ಲಿದೆ, ಅರಸನಿಗೆ ಹೇಳಿದ್ದು. ಅಂದರೆ ತಂದೆಯರನ್ನು ಹಿಂದಿಕ್ಕಿ ಮುಂದೆ ನೋಡುವ ಕೆಲಸ ಅರಸನಿಗೂ ತಪ್ಪಲಿಲ್ಲ. ಕವಿ ಇಬ್ಬರನ್ನೂ ಒಂದೇ ಹೊಸ್ತಿಲ ಮೇಲೆ ನಿಲ್ಲಿಸಿದ್ದಾನೆ. ಅನ್ಯೋಕ್ತಿಯ ಅವಸರದಲ್ಲಿ ಹೋದವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ.

ಕನ್ನಡದಲ್ಲಿ ಬೈಬಲ್ ಓದುವವರಿಗೆ ಮತ್ತೊಂದು ಪದ ಯೋಚನೆಗೆ ಎಡೆಕೊಡುತ್ತದೆ. ಹೀಬ್ರೂವಿನ ಮಾಷೀಯಹ್ ಗ್ರೀಕಿನಲ್ಲಿ ಕ್ರಿಸ್ತ ಆಯಿತು. ಕನ್ನಡ ಭಾಷಾಂತರದಲ್ಲಿ ಅದಕ್ಕೆ ಅಭಿಷಿಕ್ತನೆಂಬ ಪದವಿದೆ. ಅಭಿಷೇಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲಶದ ನೀರು, ಹಾಲು. ಹೀಬ್ರೂವಿನಲ್ಲಿ ಅದು ಎಣ್ಣೆ. 45ನೆಯ ಕೀರ್ತನೆ ಹೇಳುವ ಸಂತೋಷದ ಎಣ್ಣೆ ಪಟ್ಟದ ಎಣ್ಣೆಯೇ ಆಗಬೇಕಾಗಿಲ್ಲ, ಮದುವೆಯ ಸಂಭ್ರಮದ ಎಣ್ಣೆಯೂ ಆಗಿರಬಹುದು. ಮದುವಣಿಗನಿಗೆ ಅರಿಶಿನ ಎಣ್ಣೆ ಹಚ್ಚುವ ಮನೆಗಳ ಓದುಗರು ಇದನ್ನು ಟಿಪ್ಪಣಿಯಿಲ್ಲದೆಯೇ ಗ್ರಹಿಸಬಲ್ಲರು. ಅಭಿಷಿಕ್ತನೆಂಬ ಪದ ಗಂಭೀರವಾಗಿದೆ. ಈ ನಂಟು ಮಾತ್ರ ಅದರಲ್ಲಿ ಉಳಿಯಲಿಲ್ಲ.

ಅಭಿಷಿಕ್ತನೆಂದೇ ಹೆಸರಾದ ಯೇಸುವಿನ ತಲೆಗೆ ಎಣ್ಣೆ ಸುರಿದವರು ಯಾರು? ಯಾಜಕರಲ್ಲ, ಪ್ರವಾದಿಯೂ ಅಲ್ಲ. ಬೇಥಾನ್ಯದಲ್ಲಿ ಕುಷ್ಠರೋಗಿಯಾದ ಸೀಮೋನನ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಒಬ್ಬ ಹೆಂಗಸು ಬಂದು ಭರಣಿಯನ್ನು ಒಡೆದು, ನಮ್ಮ ಹಿಮಾಲಯದ ಜಟಾಮಾಂಸಿಯಿಂದ ತೆಗೆಯುವ ಬೆಲೆಬಾಳುವ ತೈಲವನ್ನು ಅವನ ತಲೆಯ ಮೇಲೆ ಸುರಿದಳು. ಮುನ್ನೂರು ಹಣಕ್ಕಿಂತ ಹೆಚ್ಚು ಬೆಲೆಗೆ ಮಾರಿ ಬಡವರಿಗೆ ಕೊಡಬಹುದಾಗಿತ್ತೆಂದು ಅಲ್ಲಿದ್ದ ಕೆಲವರು ಗೊಣಗಿದರು. ಅವಳು ತನ್ನ ದೇಹವನ್ನು ಹೂಳುವುದಕ್ಕಾಗಿ ಮುಂಚಿತವಾಗಿ ಹೀಗೆ ಮಾಡಿದಳೆಂದು ಯೇಸು ಹೇಳಿದನು. ಲೋಕದಲ್ಲಿ ಈ ಸುವಾರ್ತೆ ಸಾರುವ ಕಡೆಗಳಲ್ಲೆಲ್ಲ ಅವಳು ಮಾಡಿದ್ದನ್ನೂ ಅವಳ ನೆನಪಿಗಾಗಿ ಹೇಳುವರೆಂದನು. ಮಾರ್ಕನು ಇಷ್ಟನ್ನೂ ಬರೆಯುತ್ತಾನೆ. ಅವಳ ಹೆಸರನ್ನು ಬರೆಯುವುದಿಲ್ಲ.